ಅಳು ಎಲ್ಲಿ ಬಂತು, ಯಾಕೆ ಬಂತು: ವಸ್ತಿ ಬಸ್ಸಿನಲ್ಲಿ ಅನಿಮೆ ನೋಡಿ ಕಲಿತದ್ದು

ನಾನು ಬಾಗಲಕೋಟೆಯಲ್ಲಿ ಬಸ್ ಕಂಡಕ್ಟರ್. ವಾರಕ್ಕೆ ಮೂರು ರಾತ್ರಿ ಬೀಳಗಿ ತಾಲೂಕಿನ ಒಂದು ಹಳ್ಳಿಗೆ ವಸ್ತಿ ಹೋಗುತ್ತೇನೆ. ರಾತ್ರಿ ಎಂಟೂವರೆಗೆ ಹನುಮಪ್ಪನ ಗುಡಿ ಮುಂದೆ ಗಾಡಿ ನಿಂತರೆ ಮತ್ತೆ ಹೊರಡುವುದು ಬೆಳಿಗ್ಗೆ ಆರಕ್ಕೆ. ಡ್ರೈವರ್ ಅಣ್ಣ ಊಟ ಮುಗಿಸಿ ಮುಂದೆ ಹಾಸಿಕೊಂಡು ಮಲಗುತ್ತಾರೆ. ನಾನು ಹಿಂದಿನ ಉದ್ದ ಸೀಟಿಗೆ ಹೋಗಿ, ಚೀಲ ತಲೆಗೆ ಇಟ್ಟುಕೊಂಡು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಚಿತ್ರ, ನೋಡುತ್ತೇನೆ. ಈ ರೂಢಿ ಹಚ್ಚಿದವಳು ಅಕ್ಕನ ಮಗಳು. ಬೆಳಗಾವಿಯಲ್ಲಿ ಓದುತ್ತಿದ್ದಾಳೆ.

ಅವಳು ಮೊದಲು ನೋಡು ಅಂದದ್ದು 'ಗ್ರೇವ್ ಆಫ್ ದ ಫೈರ್‌ಫ್ಲೈಸ್'. ಇಸಾವೊ ತಕಹಾತಾ ಸ್ಟುಡಿಯೋ ಘಿಬ್ಲಿಗಾಗಿ 1988ರಲ್ಲಿ ಮಾಡಿದ ಚಿತ್ರ. 1945ರಲ್ಲಿ ಕೋಬೆ ಊರಿನ ಮೇಲೆ ಬೆಂಕಿ ಬಾಂಬು ಬಿದ್ದು ತಾಯಿಯನ್ನು ಕಳೆದುಕೊಂಡ ಅಣ್ಣ ಸೇತಾ, ಅವನ ಪುಟ್ಟ ತಂಗಿ ಸೆತ್ಸುಕೊ, ಇಬ್ಬರ ಹಸಿವಿನ ಕತೆ. ನೋಡಿ ಮುಗಿಸಿ ಅವಳಿಗೆ 'ಭಾಳ ಅಳು ಬಂತವ್ವಾ' ಅಂತ ಮೆಸೇಜ್ ಹಾಕಿದೆ. ತಕ್ಷಣ ತಿರುಗಿ ಬಂತು: 'ಎಲ್ಲಿ ಬಂತು ಮಾಮಾ? ಯಾಕ ಬಂತು?'

ಉತ್ತರ ಬರೆಯಲು ನನಗೆ ಎರಡು ವಾರ ಹಿಡಿಯಿತು. ಆ ಎರಡು ವಾರದಲ್ಲಿ ಕಲಿತದ್ದನ್ನು, ಆಮೇಲೆ ಈ ನಾಲ್ಕು ವರ್ಷದಲ್ಲಿ ಗಟ್ಟಿಯಾದದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಎದೆ ಹಿಂಡುವ ಅನಿಮೆ, ಮಾಂಗಾ (ಜಪಾನಿನ ಚಿತ್ರಕತೆ ಪುಸ್ತಕ) ನೋಡಿ ಓದಿ ಒಳಗೆ ಏನೋ ಉಳಿದುಬಿಟ್ಟಿದೆ, ಅದನ್ನು ಏನು ಮಾಡಬೇಕೋ ಗೊತ್ತಾಗುತ್ತಿಲ್ಲ ಅನ್ನುವವರಿಗೆ ಇದು.

ಶುರು ಮಾಡುವ ಮುನ್ನ

ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ನಮ್ಮ ಹಿನ್ನೀರಿನ ದಂಡೆಯ ಹಳ್ಳಿಗಳಲ್ಲಿ ಸಿಗ್ನಲ್ ಬರುತ್ತದೆ, ಹೋಗುತ್ತದೆ. ಅಣ್ಣ ತಂಗಿಯನ್ನು ಬೆನ್ನ ಮೇಲೆ ಹೊತ್ತುಕೊಂಡು ಓಡುತ್ತಿರುವಾಗ ಪರದೆಯ ಮೇಲೆ ಚಕ್ರ ತಿರುಗುತ್ತ ನಿಂತರೆ ಕತೆಯ ಜೀವವೇ ಹೋಗುತ್ತದೆ. ಉಂಡು ಕೂತುಕೊಳ್ಳಿ. ಹಸಿದ ಹೊಟ್ಟೆಯಲ್ಲಿ ಇಂಥದ್ದನ್ನು ನೋಡಿದರೆ ಬರುವುದು ಅಳುವಲ್ಲ, ತಲೆನೋವು. ಚಿತ್ರ ಮುಗಿದ ಮೇಲೆ ಕನಿಷ್ಠ ಅರ್ಧ ತಾಸು ಯಾವ ಕೆಲಸವೂ ಇರದಂತೆ ನೋಡಿಕೊಳ್ಳಿ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ.

ಕತೆಯಲ್ಲಿ ಏನಿದೆ ಅಂತ ಮೊದಲೇ ಒಂದು ಮಾತು ಕೇಳಿಕೊಂಡರೆ ತಪ್ಪಿಲ್ಲ. ಕತೆ ಹಾಳಾಗುತ್ತದೆ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಮೊದಲ ನಿಮಿಷದಲ್ಲೇ ಸೇತಾ ತೀರಿಕೊಂಡ ತಾರೀಖು ಹೇಳಿಬಿಡುತ್ತದೆ, 1945ರ ಸೆಪ್ಟೆಂಬರ್ 21. ಆದರೂ ಅಳು ತಪ್ಪುವುದಿಲ್ಲ. ಆತ್ಮಹತ್ಯೆ, ಮಗುವಿನ ಸಾವು, ಕಾಯಿಲೆ, ಇವುಗಳಲ್ಲಿ ಯಾವುದಾದರೂ ನಿಮ್ಮ ಮನೆಯಲ್ಲಿ ಈಚೆಗೆ ಆಗಿದ್ದರೆ ಆ ಕತೆಯನ್ನು ಸದ್ಯ ಪಕ್ಕಕ್ಕಿಡಿ. ಅದು ಎಲ್ಲಿಗೂ ಓಡಿಹೋಗುವುದಿಲ್ಲ.

ನೋಡುವಾಗ

ಜಪಾನಿ ದನಿಯಲ್ಲೇ ನೋಡಿ, ಕೆಳಗೆ ಅಕ್ಷರ ಓದಿಕೊಳ್ಳಿ. ಸೆತ್ಸುಕೊಗೆ ದನಿ ಕೊಟ್ಟದ್ದು ನಿಜವಾಗಿಯೂ ಒಂದು ಸಣ್ಣ ಹುಡುಗಿ. ದೊಡ್ಡವರು ಮಗುವಿನಂತೆ ಮಾತಾಡುವುದಕ್ಕೂ ಮಗುವೇ ಮಾತಾಡುವುದಕ್ಕೂ ಇರುವ ಅಂತರ ಭಾಷೆ ಬಾರದಿದ್ದರೂ ಕಿವಿಗೆ ತಿಳಿಯುತ್ತದೆ. ನನ್ನ ಇಂಗ್ಲಿಷ್ ನಿಧಾನ. ಅಕ್ಷರ ಓದುವಷ್ಟರಲ್ಲಿ ಮುಖ ತಪ್ಪಿಹೋಗುತ್ತದೆ. ಹಾಗಾದಾಗ ಹತ್ತು ಸೆಕೆಂಡು ಹಿಂದಕ್ಕೆ ಹೋಗಿ ಮುಖವನ್ನಷ್ಟೇ ನೋಡುತ್ತೇನೆ.

ಕಣ್ಣು ತುಂಬಿದಾಗ ನಿಲ್ಲಿಸಬೇಡಿ, ಒರೆಸಿಕೊಳ್ಳಲೂ ಬೇಡಿ. ಎಷ್ಟನೇ ನಿಮಿಷ ಅನ್ನುವುದನ್ನು ಮಾತ್ರ ನೆನಪಿಡಿ. ನಾನು ಕಿಸೆಯ ಡೈರಿಯಲ್ಲಿ ಅಂಕಿಯನ್ನಷ್ಟೇ ಬರೆಯುತ್ತೇನೆ. ಬಸ್ಸಿನ ದೀಪ ಆರಿಸಿರುತ್ತೇವಲ್ಲ, ಕತ್ತಲಲ್ಲಿ ಬರೆದ ಅಂಕಿ ಒಂದರ ಮೇಲೊಂದು ಬಿದ್ದಿರುತ್ತವೆ. ಆದರೂ ಬೆಳಿಗ್ಗೆ ಗೊತ್ತಾಗುತ್ತದೆ.

ಮುಗಿದ ಮೇಲೆ

ಮುಂದಿನ ಕಂತು ತಾನಾಗಿ ಶುರುವಾಗುತ್ತದೆ. ಅದನ್ನು ತಡೆಯಿರಿ. ಫೋನು ಬೋರಲು ಹಾಕಿ. ನಾನು ಬಸ್ಸಿನಿಂದ ಇಳಿದು ಗುಡಿಯ ಕಟ್ಟೆಯವರೆಗೆ ಹೋಗಿ, ನಳದ ನೀರಿನಲ್ಲಿ ಮುಖ ತೊಳೆದುಕೊಂಡು ಬರುತ್ತೇನೆ. ನಾಯಿಗಳಿಗೆ ನನ್ನ ಗುರುತು ಸಿಕ್ಕು ವರ್ಷಗಳಾದವು.

ಆಮೇಲೆ ಬರೆಯುವುದು. 'ಭಾಳ ಅತ್ತೆ', 'ಎದೆ ಒಡೀತು', 'ಮಾತೇ ಬರವಲ್ದು' ಅಂತ ಬರೆಯಬೇಡಿ. ಅವೆಲ್ಲ ನಿಜವೇ. ಆದರೆ ಯಾವ ಕತೆಗಾದರೂ ಹೊಂದುವ ಮಾತುಗಳು. ಗುರುತು ಹಾಕಿಕೊಂಡ ನಿಮಿಷಕ್ಕೆ ಹೋಗಿ, ಆ ದೃಶ್ಯದಲ್ಲಿ ಕಣ್ಣಿಗೆ ಕಾಣುವ ಒಂದು ವಸ್ತುವಿನ ಹೆಸರು ಬರೆಯಿರಿ. ಭಾವನೆಯ ಹೆಸರು ಬೇಡ. ಡಬ್ಬಿ, ಕೊಡೆ, ಚಪ್ಪಲಿ, ಬಾಗಿಲು, ಹೀಗೆ.

ನಾನು ಬರೆದದ್ದು: 'ಡಬ್ಬಿ ತೊಳೆದ ನೀರು.'

ಸೆತ್ಸುಕೊಳ ಹತ್ತಿರ ಸಾಕುಮಾ ಡ್ರಾಪ್ಸ್ ಎಂಬ ಪೆಪ್ಪರಮಿಂಟಿನ ತಗಡಿನ ಡಬ್ಬಿ ಇರುತ್ತದೆ. ಬಣ್ಣಬಣ್ಣದವು, ಒಂದೊಂದಕ್ಕೆ ಒಂದೊಂದು ಹಣ್ಣಿನ ರುಚಿ. ಅವು ಮುಗಿದ ಮೇಲೆ ಅಣ್ಣ ಡಬ್ಬಿಗೆ ನೀರು ಹಾಕಿ, ಅಲ್ಲಾಡಿಸಿ, ಆ ನೀರನ್ನೇ ತಂಗಿಗೆ ಕುಡಿಸುತ್ತಾನೆ. ಎಲ್ಲ ರುಚಿಯೂ ಇದರೊಳಗೆ ಐತಿ ಅನ್ನುವ ಹಾಗೆ ಅವಳು ಹಿಗ್ಗುತ್ತಾಳೆ. ಇಡೀ ಚಿತ್ರದಲ್ಲಿ ಸಾವು ಬೇಕಾದಷ್ಟಿವೆ. ನಾನು ಅತ್ತದ್ದು ಅಲ್ಲೆಲ್ಲೂ ಅಲ್ಲ, ಇಲ್ಲಿ.

ಯಾಕೆ? ಅದಕ್ಕೇ ಎರಡು ವಾರ ಹಿಡಿದದ್ದು. ಬೆಳಗಿನ ಟ್ರಿಪ್ಪಿನಲ್ಲಿ ಟಿಕೆಟ್ ಹರಿಯುವಾಗ ಒಬ್ಬ ಮುದುಕಿ ಸ್ಟೀಲಿನ ಡಬ್ಬಿಯಲ್ಲಿ ಮಜ್ಜಿಗೆ ಒಯ್ಯುತ್ತಿದ್ದಳು. ಡಬ್ಬಿಯ ಅಂಚಿಗೆ ಬಿಳಿ ಹನಿ. ಅದನ್ನು ನೋಡಿ ಹೊಳೆಯಿತು. ಬರ ಬಿದ್ದ ವರ್ಷ, ನಾನು ಇನ್ನೂ ಸಾಲಿಗೆ ಹೋಗುವ ಹುಡುಗ. ಅವ್ವ ನನಗೂ ಅಕ್ಕನಿಗೂ ರೊಟ್ಟಿಗೆ ಮಜ್ಜಿಗೆ ಹಾಕಿ, ಬರಿದಾದ ಗಡಿಗೆಗೆ ಒಂದು ಚೆರಿಗೆ ನೀರು ಸುರಿದು, ಗರಗರ ತಿರುವಿ, ನಾಲ್ಕು ಹರಳು ಉಪ್ಪು ಹಾಕಿಕೊಂಡು ಕುಡಿಯುತ್ತಿದ್ದಳು. 'ನನಗ ಹಿಂಗ ತಿಳಿ ಇದ್ರ ಸೇರತೈತಿ' ಅನ್ನುತ್ತಿದ್ದಳು. ನಾವು ನಂಬಿದ್ದೆವು. ಅದು ಊಟವಾಗಿತ್ತು ಅನ್ನುವುದು ನನಗೆ ತಿಳಿದದ್ದು ನಲವತ್ತು ದಾಟಿದ ಮೇಲೆ, ಒಬ್ಬ ಜಪಾನಿ ಹುಡುಗ ಡಬ್ಬಿ ಅಲ್ಲಾಡಿಸಿದಾಗ.

ಇದನ್ನೇ ಅಕ್ಕನ ಮಗಳಿಗೆ ಬರೆದೆ. ಅವಳು ಬಹಳ ಹೊತ್ತಿನ ಮೇಲೆ ಫೋನ್ ಮಾಡಿದಳು, ಮಾತಾಡಲಿಲ್ಲ, ಮೂಗು ಏರಿಸುವ ಸಪ್ಪಳ ಅಷ್ಟೇ ಕೇಳಿತು.

ಹಾಗಾಗಿ ವಸ್ತು ಸಿಕ್ಕ ಮೇಲೆ ಅದರ ಕೆಳಗೆ ಒಂದು ಸಾಲು ಖಾಲಿ ಬಿಡಿ. ನಿಮ್ಮ ಬದುಕಿನಲ್ಲಿ ಅದರ ಜೋಡಿ ಯಾವುದು ಅನ್ನುವುದು ತಾನಾಗಿಯೇ ಬರುತ್ತದೆ, ಜಗ್ಗಿ ತರಬೇಡಿ. ಈ ಚಿತ್ರವೂ ಹಾಗೆ ಹುಟ್ಟಿದ್ದೇ. ಮೂಲ ಕತೆ ಬರೆದ ಅಕಿಯುಕಿ ನೊಸಾಕಾ ಯುದ್ಧದ ಕೊನೆಗೆ ತನ್ನ ಪುಟ್ಟ ತಂಗಿಯನ್ನು ಹಸಿವಿಗೆ ಕಳೆದುಕೊಂಡವನು. ತಾನು ಸೇತಾನಷ್ಟು ಒಳ್ಳೆಯ ಅಣ್ಣ ಆಗಿರಲಿಲ್ಲ ಅನ್ನುವ ಸಂಕಟ ಅವನಿಗಿತ್ತು. ಬರೆದದ್ದು 1967ರಲ್ಲಿ, ಇಪ್ಪತ್ತೆರಡು ವರ್ಷ ಕಳೆದ ಮೇಲೆ. ತಕಹಾತಾ ಕೂಡ ಒಂಬತ್ತು ವರ್ಷದವನಿದ್ದಾಗ ಒಕಯಾಮಾ ಊರಿನ ಮೇಲೆ ಬಿದ್ದ ಬಾಂಬಿನಿಂದ ಪಾರಾದವನು. ಅವರಿಗೇ ಅಷ್ಟು ಕಾಲ ಬೇಕಾಗಿತ್ತು ಅಂದರೆ ನಮಗೆ ಎರಡು ವಾರ ಹೆಚ್ಚಲ್ಲ.

ನಾಚಿಕೆಯಿಂದ ಬರುವ ಅಳು

ಎಲ್ಲ ಅಳುವಿಗೂ ಇದೇ ದಾರಿ ಸಾಲದು. 'ಎ ಸೈಲೆಂಟ್ ವಾಯ್ಸ್' ನೋಡಿದಾಗ ಅದು ತಿಳಿಯಿತು. ಯೋಶಿತೊಕಿ ಓಯಿಮಾ ಬರೆದ ಏಳು ಸಂಪುಟದ ಮಾಂಗಾ ಅದು. 2016ರಲ್ಲಿ ನವೋಕೊ ಯಮಾದಾ ಚಿತ್ರ ಮಾಡಿದರು. ಕಿವಿ ಕೇಳದ ಶೋಕೊ ಎಂಬ ಹುಡುಗಿಯನ್ನು ಸಾಲಿಯಲ್ಲಿ ಕಾಡಿದ ಶೋಯಾ ದೊಡ್ಡವನಾಗಿ ಅವಳ ಮುಂದೆ ಬಂದು ನಿಲ್ಲುವ ಕತೆ. ಅವನು ಅವಳ ಕಿವಿಯ ಯಂತ್ರ ಕಿತ್ತುಕೊಂಡು ಬಿಸಾಕುವಾಗ ನನ್ನ ಕೈ ತಣ್ಣಗಾದವು.

ಹದಿನಾರು ಹದಿನೇಳರ ಒಬ್ಬ ಹುಡುಗ ಒಮ್ಮೆ ನನ್ನ ಬಸ್ಸಿನಲ್ಲಿ ಕಿಟಕಿ ಬದಿ ಕೂತಿದ್ದ. ಮೂರು ಸಲ 'ಎಲ್ಲಿಗೆ' ಅಂದೆ. ತಿರುಗಲಿಲ್ಲ. ಸಂತೆಯ ದಿನ, ಬಸ್ಸು ತುಂಬಿತ್ತು. ನಾಲ್ಕನೇ ಸಲ ಎಲ್ಲರಿಗೂ ಕೇಳುವ ಹಾಗೆ 'ಕಿವಿ ಕೇಳಂಗಿಲ್ಲೇನಲೇ?' ಅಂತ ಒದರಿದೆ. ಪಕ್ಕದವರು ಭುಜ ಮುಟ್ಟಿದರು. ಅವನು ನನ್ನ ಬಾಯಿ ನೋಡಿ, ಅಂಗಿಯ ಕಿಸೆಯಿಂದ ಅಂಗವಿಕಲರ ಪಾಸು ತೆಗೆದು ಎರಡೂ ಕೈಯಲ್ಲಿ ಹಿಡಿದು ತೋರಿಸಿದ. ಹಿಂದೆ ಯಾರೋ ನಕ್ಕರು. ನಾನು ಮುಂದಿನ ಸೀಟಿಗೆ ಹೋಗಿಬಿಟ್ಟೆ.

ಇಂಥ ಅಳುವನ್ನು ಬರೆದು ಮುಗಿಸಬಾರದು, ಏನಾದರೂ ಮಾಡಬೇಕು. ಆ ಹುಡುಗ ಮತ್ತೆ ನನಗೆ ಸಿಕ್ಕಿಲ್ಲ. ಸಿಕ್ಕವರಿಗೆ ಮಾಡುತ್ತಿದ್ದೇನೆ. ಯಾರಾದರೂ ತಿರುಗದಿದ್ದರೆ ಎದುರಿಗೆ ಹೋಗಿ ಬಗ್ಗಿ, ಮುಖಕ್ಕೆ ಮುಖ ಕೊಟ್ಟು, ತುಟಿ ಕಾಣುವ ಹಾಗೆ ನಿಧಾನ ಕೇಳುತ್ತೇನೆ. ತಿಳಿಯದಿದ್ದರೆ ಡೈರಿ, ಪೆನ್ನು ಕೈಗೆ ಕೊಡುತ್ತೇನೆ. ಒಂದು ಎಚ್ಚರಿಕೆ: ಈ ಕತೆಯಲ್ಲಿ ಜೀವ ಕಳೆದುಕೊಳ್ಳಲು ಹೋಗುವ ದೃಶ್ಯಗಳಿವೆ. ನಿಮ್ಮ ಮನಸ್ಸೇ ಆ ಕಡೆ ಎಳೆಯುತ್ತಿದ್ದರೆ ಒಬ್ಬರೇ ನೋಡಬೇಡಿ, ಸದ್ಯ ನೋಡಲೇಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416. ಹಗಲಿರುಳು ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಾಂಗಾ ಓದುವವರಿಗೆ ಎರಡೇ ಮಾತು. ಪುಟ ಬಲದಿಂದ ಎಡಕ್ಕೆ, ಚೌಕಗಳೂ ಬಲದಿಂದ ಎಡಕ್ಕೆ. ಮೊದಲ ಮೂವತ್ತು ಪುಟ ಕಣ್ಣು ತಡವರಿಸುತ್ತದೆ, ಆಮೇಲೆ ಹಾದಿ ಹಿಡಿಯುತ್ತದೆ. ಮಾತಿಲ್ಲದ ಚೌಕ ಬಂದರೆ ದಾಟಬೇಡಿ. ಅಲ್ಲಿ ಹಿಂದೆ ಸಂಗೀತ ಇಲ್ಲ, ಎಷ್ಟು ಹೊತ್ತು ನಿಲ್ಲಬೇಕೆಂದು ಹೇಳುವವರಿಲ್ಲ. ಆ ಹೊತ್ತನ್ನು ನಾವೇ ಕೊಡಬೇಕು.

ಸಂಗೀತ ಅಂದೆನಲ್ಲ, ಅನಿಮೆಯಲ್ಲಿ ಕೆಲವು ಸಲ ಅಳಿಸುವುದು ಕತೆಯಲ್ಲ, ಪಿಯಾನೊ. ಅನುಮಾನ ಬಂದರೆ ಆ ದೃಶ್ಯವನ್ನು ದನಿ ತೆಗೆದು ಇನ್ನೊಮ್ಮೆ ನೋಡಿ. 'ವಯೊಲೆಟ್ ಎವರ್‌ಗಾರ್ಡನ್' ಹತ್ತನೇ ಕಂತಿನಲ್ಲಿ ಸಾಯಲಿರುವ ತಾಯಿ ಮಗಳ ಮುಂದಿನ ಐವತ್ತು ಹುಟ್ಟುಹಬ್ಬಗಳಿಗೆ ಪತ್ರ ಬರೆಸಿಡುತ್ತಾಳೆ. ದನಿ ತೆಗೆದು ನೋಡಿದೆ, ಆಗಲೂ ತಡೆಯಲಾಗಲಿಲ್ಲ. ಅಂಥ ಕಂತನ್ನು ನಾನು ನಂಬುತ್ತೇನೆ.

ನೋಡಿದ ಮೇಲೆ ಮನಸ್ಸು ತೀರ ಭಾರವಾದರೆ ಹಗುರವಾದದ್ದೊಂದು ಇಟ್ಟುಕೊಂಡಿರಿ. ಘಿಬ್ಲಿಯವರೇ 1988ರಲ್ಲಿ 'ಗ್ರೇವ್ ಆಫ್ ದ ಫೈರ್‌ಫ್ಲೈಸ್' ಚಿತ್ರವನ್ನು 'ಮೈ ನೇಬರ್ ಟೊಟೊರೊ' ಜೊತೆ ಜೋಡಿಯಾಗಿ ಬಿಡುಗಡೆ ಮಾಡಿದ್ದರು. ಟೊಟೊರೊವನ್ನು ಎರಡನೆಯದಾಗಿ ನೋಡಿ.

ಬೇರೆಯವರಿಗೆ ಹೇಳುವುದು

'ಕಾರ್ಟೂನ್ ನೋಡಿ ಅಳ್ತಿಯೇನೋ?' ಅಂತ ಡಿಪೋದಲ್ಲಿ ಒಬ್ಬರು ಕೇಳಿದರು. ಅವರು ವಿಜಯಪುರದ ಕಡೆಯವರು. 'ಅಣ್ಣಾರ, ಮೊಹರಂದಾಗ ನಿಮ್ಮೂರಾಗ ರಿವಾಯತ್ ಪದ ಹಾಡಾಗ ಅಳೂದಿಲ್ಲೇನ್ರಿ?' ಅಂದೆ. ಕರ್ಬಲದಲ್ಲಿ ಹುಸೇನರ ಕಡೆಯ ಮಕ್ಕಳಿಗೆ ನದಿಯ ನೀರು ಸಿಗದಂತೆ ತಡೆದ ಕತೆಯನ್ನು ಹಾಡಿದರೆ ನಮ್ಮ ಹಳ್ಳಿಗಳಲ್ಲಿ ಎಲ್ಲ ಜಾತಿಯವರೂ ಸೆರಗಿಗೆ, ಟವೆಲ್ಲಿಗೆ ಕಣ್ಣು ಒತ್ತಿಕೊಳ್ಳುತ್ತಾರೆ. ಅವು ಎಲ್ಲಿಯ ಮಕ್ಕಳು ಅಂತ ಯಾರೂ ಕೇಳುವುದಿಲ್ಲ. ಅವರು ಸುಮ್ಮನೆ ಒಂದಿಷ್ಟು ಹೊತ್ತು ನಿಂತು, 'ಆ ಪಿಚ್ಚರ್ ನನಗೂ ಕಳಸು' ಅಂದರು.

ಮನೆಯ ಹಿರಿಯರಿಗೆ ಪೂರ್ತಿ ಚಿತ್ರ ತೋರಿಸುವ ಹಟ ಬೇಡ. ನಿಮ್ಮನ್ನು ಹಿಡಿದ ಆ ಎರಡು ನಿಮಿಷ ಮಾತ್ರ ತೋರಿಸಿ, ಹಿಂದಿನದನ್ನು ಬಾಯಿಂದ ಹೇಳಿ. ರಜೆಯ ದಿನ ಅವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು. ಪಕ್ಕದಲ್ಲಿ ಕೂತು ಡಬ್ಬಿಯ ದೃಶ್ಯ ತೋರಿಸಿದೆ. ಗಡಿಗೆಯ ಮಾತು ಎತ್ತಲಿಲ್ಲ. ಅವಳು ಕನ್ನಡಕ ಸರಿ ಮಾಡಿಕೊಂಡು ಕಡೆತನಕ ನೋಡಿದಳು.

'ಹುಡುಗಿ ಕುಡೀತಲ್ಲ, ಅಂವಗ ಏನ ಉಳೀತು?' ಅಂದಳು.

ನನಗೆ ಮಾತು ಬರಲಿಲ್ಲ. ಅವಳೇ ಬುಟ್ಟಿ ನನ್ನ ಕಡೆ ಸರಿಸಿ, 'ಅಂವಗೂ ಆ ನೀರ ರುಚಿ ಹತ್ತಿರಬೇಕ ಬಿಡು' ಅಂದಳು. ಇಬ್ಬರೂ ಶೇಂಗಾ ಸುಲಿಯುತ್ತ ಕೂತೆವು.