ಶೇಂಗಾ ತುಕ್ಕು ರೋಗ: ಸುಳ್ಳು ಶಿಖರಗಳು ಹೋದದ್ದು ಹೀಗೆ

ಧಾರವಾಡದ ನಮ್ಮ ಪ್ಲಾಟಿನಲ್ಲಿ ತುಕ್ಕು ತಡೆಯುವ ಜಿಪಿಬಿಡಿ 4 ತಳಿಯನ್ನು ತುಕ್ಕಿಗೆ ಬೇಗ ತುತ್ತಾಗುವ ತಳಿಯ ಜೊತೆ ಕ್ರಾಸ್ ಮಾಡಿ ಬಂದ ಶೇಂಗಾ ಸಾಲುಗಳಿದ್ದವು. ರೋಗಕ್ಕೆ 1ರಿಂದ 9ರವರೆಗೆ ಅಂಕ ಕೊಟ್ಟೆ; 9 ಅಂದರೆ ಅತಿ ಹೆಚ್ಚು ರೋಗ. ತುಕ್ಕು ತಡೆಯುವ ಜೀನು ಎಲ್ಲಿದೆ ಎಂದು ಹುಡುಕುವ ಕ್ರೋಮೋಸೋಮ್ ನಕ್ಷೆಯಲ್ಲಿ ಐದು ಕಡೆ ಲಾಡ್ ಮೌಲ್ಯ (ಆ ಜಾಗದಲ್ಲಿ ಜೀನು ಇದೆ ಎಂಬ ಸಾಕ್ಷ್ಯ ಎಷ್ಟು ಬಲ ಎಂಬ ಅಳತೆ) ವಾಡಿಕೆಯ ಗೆರೆ 3 ದಾಟಿ ಶಿಖರ ಎದ್ದಿತು. ಜಾಸ್ತಿ ಅನಿಸಿತು.

ಅಂಕದ ಹಾಳೆ ತಿರುವಿದೆ. ಬದುವಿನ ಪಕ್ಕದವಕ್ಕೆಲ್ಲ 7, 8. ಅಲ್ಲಿ ಬೇವಿನ ನೆರಳು, ಬೆಳಿಗ್ಗೆ ಹತ್ತಾದರೂ ಎಲೆ ಮೇಲೆ ಇಬ್ಬನಿ. ಒದ್ದೆ ಎಲೆಗೆ ತುಕ್ಕು ಬೇಗ ಹಿಡಿಯುತ್ತದೆ. ಅದು ಜಾಗದ ಪ್ರಭಾವ, ಜೀನಿನದ್ದಲ್ಲ ಅಲ್ವಾ?

ಬ್ಲಾಕಿನ, ಅಂದರೆ ಹೊಲದ ಒಂದೊಂದು ಭಾಗದ, ಪರಿಣಾಮ ಕಳೆದು ಅಂಕ ಸರಿಪಡಿಸಿದೆ. 3ರ ಗೆರೆಯನ್ನೂ ಸುಮ್ನೆ ನಂಬಲಿಲ್ಲ. ಸಂಶೋಧಕರಾದ ಚರ್ಚಿಲ್ ಮತ್ತು ಡೋರ್ಜ್ 1994ರಲ್ಲಿ ತೋರಿಸಿದಂತೆ ಅಂಕಗಳನ್ನು ಸಾಲುಗಳ ನಡುವೆ 1000 ಸಲ ಅದಲು ಬದಲು ಮಾಡಿ, ಪ್ರತಿ ಸಲದ ಅತಿ ಎತ್ತರದ ಲಾಡ್ ಬರೆದುಕೊಂಡು, ಅವುಗಳಲ್ಲಿ ಶೇ. 5 ಮಾತ್ರ ದಾಟುವ ಎತ್ತರಕ್ಕೆ ಗೆರೆ ಎಳೆದೆ. ಉಳಿದದ್ದು ಎರಡೇ ಶಿಖರ. ಒಂದು ಎ03 ಕ್ರೋಮೋಸೋಮಿನಲ್ಲಿ, ತುಕ್ಕು ನಿರೋಧಕತೆಯನ್ನು ಮೊದಲೇ ಬೇರೆಯವರೂ ಕಂಡ ಕ್ರೋಮೋಸೋಮ್. ಧೈರ್ಯ ಬಂತು. ಇನ್ನೊಂದನ್ನು ಮುಂದಿನ ಮುಂಗಾರಿನಲ್ಲಿ ಮತ್ತೆ ನೋಡಬೇಕು.