ಗಂಟಲಿಗೆ ಏಟಾದರೆ: ಮೊದಲ ಗಂಟೆಯಿಂದ ಟ್ಯೂಬ್ ತೆಗೆಯುವವರೆಗೆ

ಬೈಕಿನ ಚಕ್ರಕ್ಕೆ ವೇಲ್ ಸಿಕ್ಕಿ ಕುತ್ತಿಗೆ ಬಿಗಿಯಿತು, ಹ್ಯಾಂಡಲ್ ಗಂಟಲಿಗೆ ಬಡಿಯಿತು, ಗಾಳಿಪಟದ ಮಾಂಜಾ ಕೊಯ್ಯಿತು. ನಾನು ಇ.ಎನ್.ಟಿ. ವಾರ್ಡಿನ ನರ್ಸ್, ಇಂಥವರನ್ನೇ ನೋಡಿಕೊಳ್ಳುತ್ತೇನೆ. ಎಷ್ಟೋ ಸಲ ಹೊರಗೆ ಕಾಣೋದು ಒಂದು ಕೆಂಪು ಗೆರೆ ಅಷ್ಟೇ. ಒಳಗೆ ಮಾತ್ರ ಊತ ಏರುತ್ತಿರುತ್ತದೆ.

ಮೊದಲು ಹೆಸರು ಹೇಳಿಸಿ, ದನಿ ಕೇಳಿ. ದನಿ ಒಡೆದಿದ್ದರೆ, ಉಸಿರೆಳೆದಾಗ ಸೀಟಿಯಂಥ ಸದ್ದು ಬಂದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಿ. ಕುತ್ತಿಗೆ ಮುಟ್ಟಿದಾಗ ಚರ್ಮ ಚರಚರ ಅಂದರೂ ಅಷ್ಟೇ, ಗಾಳಿ ಚರ್ಮದಡಿ ಸೋರುತ್ತಿರಬಹುದು. ನೀರು ಕುಡಿಸಬೇಡಿ. ಕೂತರೆ ಉಸಿರು ಸಲೀಸಾಗುತ್ತೆ ಅನ್ನುವವರನ್ನು ಬಲವಂತವಾಗಿ ಮಲಗಿಸಬೇಡಿ. ಕುತ್ತಿಗೆ ಅಲುಗಾಡದಂತೆ ನೋಡಿಕೊಳ್ಳಿ.

ಆಸ್ಪತ್ರೆಯಲ್ಲಿ ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಉಸಿರಾಟ ಸರಿಯಿದ್ದರೆ ಸಿ.ಟಿ. ಸ್ಕ್ಯಾನ್. ಬರೀ ಸಣ್ಣ ಊತವಾದರೆ ನಿಗಾ ಸಾಕಾಗಬಹುದು. ಪೆಟ್ಟು ಜೋರಾಗಿದ್ದರೆ ಕುತ್ತಿಗೆಯಲ್ಲಿ ರಂಧ್ರ ಮಾಡಬೇಕು ಅನ್ನುತ್ತಾರೆ, ಅಲ್ಲೇ ಮನೆಯವರು ಹೆದರೋದು. ಆದರೆ ಬಾಯಿಂದ ಪೈಪ್ ಇಳಿಸಲು ಹೋದರೆ ಹರಿದ ಜಾಗ ಇನ್ನಷ್ಟು ಹರಿಯಬಹುದು. ಅದಕ್ಕೇ ಗಾಯದ ಕೆಳಗೆ, ಆ ಜಾಗವನ್ನಷ್ಟೇ ಮರಗಟ್ಟಿಸಿ, ಶ್ವಾಸನಾಳ ತೆರೆದು ಟ್ಯೂಬ್ ಹಾಕುತ್ತಾರೆ. ದಯವಿಟ್ಟು ಸಹಿ ಹಾಕಲು ತಡ ಮಾಡಬೇಡಿ. ಆಮೇಲೆ ಧ್ವನಿಪೆಟ್ಟಿಗೆಯ ಒಳಪೊರೆಯನ್ನು ಸಣ್ಣ ದಾರದಲ್ಲಿ ಹೊಲಿಯುತ್ತಾರೆ, ಮುರಿದ ಕಾರ್ಟಿಲೇಜನ್ನು (ಮೃದು ಎಲುಬನ್ನು) ಪುಟ್ಟ ಪ್ಲೇಟ್ ಇಟ್ಟು ಕೂಡಿಸುತ್ತಾರೆ. ಇದು 24 ಗಂಟೆಯೊಳಗೆ ಆದರೆ ದನಿಗೆ ಒಳ್ಳೆಯದು.

ಟ್ಯೂಬ್ ಇಟ್ಟುಕೊಂಡೇ ಮನೆಗೆ ಹೋಗಬೇಕಾದರೆ, ಡಿಸ್ಚಾರ್ಜಿಗೆ ಮುಂಚೆ ವಾರ್ಡಿನಲ್ಲೇ ಕಲಿಯಿರಿ. ಟ್ಯೂಬಿನೊಳಗೆ ತೆಗೆದು ತೊಳೆಯುವಂಥ ಇನ್ನೊಂದು ಟ್ಯೂಬ್ ಇರುತ್ತದೆ. ಕೈ ತೊಳೆದು, ಹೊರಟ್ಯೂಬನ್ನು ಎಡಗೈಲಿ ಹಿಡಿದು, ಒಳಟ್ಯೂಬಿನ ಲಾಕ್ ಬಿಡಿಸಿ ಅದರ ಬಾಗಿಗೆ ತಕ್ಕಂತೆ ಎಳೆಯಿರಿ. ಬ್ರಷ್ಷಿನಿಂದ ತಿಕ್ಕಿ, ತೊಳೆದು, ಬೆಳಕಿಗೆ ಹಿಡಿದು ನೋಡಿ. ಬಾಗಿದ ಕಡೆ ಒಣ ಕಫ ಹಳದಿ ಪೊರೆಯ ಹಾಗೆ ಅಂಟಿರುತ್ತದೆ. ಅದು ಉಳಿದರೆ ರಾತ್ರಿ ಉಸಿರು ಕಟ್ಟಬಹುದು. ಟ್ಯೂಬ್ ಕಟ್ಟಿದ ಕತ್ತಿನ ಪಟ್ಟಿಯಡಿ ಒಂದು ಬೆರಳು ನುಸುಳಬೇಕು. ಕಫ ಎಳೆಯುವ ಮಷೀನನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಆಡಿಸಬೇಡಿ. ಸ್ನಾನದ ನೀರು ಟ್ಯೂಬಿಗೆ ಹೋಗದಿರಲಿ. ಅದೇ ಅಳತೆಯದೊಂದು, ಒಂದು ಸೈಜ್ ಚಿಕ್ಕದೊಂದು ಟ್ಯೂಬ್ ಕೈಗೆಟುಕುವಲ್ಲಿ ಇರಲಿ. ರೋಗಿಯ ಪಕ್ಕ ಸ್ಲೇಟು, ಗಂಟೆ ಇಡಿ, ಅವರಿಗೆ ಕೂಗಿ ಕರೆಯಲು ಆಗುವುದಿಲ್ಲ.

ಒಳಗಿನ ಗಾಯ ಮಾಗಿದ ಮೇಲೆ ಡಾಕ್ಟರ್ ಟ್ಯೂಬಿಗೆ ಬಿರಡೆ ಹಾಕಿ, ಬಾಯಿ-ಮೂಗಿನಿಂದ ಉಸಿರಾಡಿಸಿ ನೋಡುತ್ತಾರೆ, ಸಲೀಸಾದರೆ ಟ್ಯೂಬ್ ತೆಗೆಯುತ್ತಾರೆ. ಬಿರಡೆ ಹಾಕಿದರೆ ಚೆನ್ನಾಗಿ ಮಾತಾಡ್ತಾರೆ ಅಂತ ಮನೆಯಲ್ಲಿ ನೀವೇ ಹಾಕಲು ಹೋಗಬೇಡಿ.