ಹೊಸ ಮನೆಯ ಗೋಡೆ ಬಿರಿದರೆ ಬಿಲ್ಡರನ್ನು ಕೇಳಬೇಕೇ, ವಿಮಾ ಕಂಪನಿಯನ್ನೇ?

ಅಪಾರ್ಟ್‌ಮೆಂಟ್ ಕೊಂಡು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಬಿರುಕು ಬಿಡುತ್ತದೆ, ಸ್ನಾನದ ಮನೆಯ ಆಚೆ ಬದಿಯಲ್ಲಿ ತೇವ ಏರುತ್ತದೆ. ಬಿಲ್ಡರ್ ಕಚೇರಿಗೆ ಫೋನ್ ಮಾಡಿದರೆ ‘ಮನೆಗೆ ವಿಮೆ ಮಾಡಿಸಿದ್ದೀರಲ್ಲ, ಅಲ್ಲಿ ಕೇಳಿ’ ಎನ್ನುತ್ತಾರೆ. ವಿಮಾ ಕಂಪನಿಯವರು ‘ಇದು ಕಾಮಗಾರಿಯ ದೋಷ, ಬಿಲ್ಡರ್ ಹೊಣೆ’ ಎನ್ನುತ್ತಾರೆ. ತಿಂಗಳು ತಿಂಗಳೂ ಸಾಲದ ಕಂತು ಕಟ್ಟುವವರು ಇಬ್ಬರ ನಡುವೆ ಅಲೆದು, ಸೋತು, ಕೊನೆಗೆ ತಾವೇ ಮೇಸ್ತ್ರಿಯನ್ನು ಕರೆಸಿ ರಿಪೇರಿ ಮಾಡಿಸುತ್ತಾರೆ. ಇದು ಅನ್ಯಾಯ, ಸಹಿಸಿಕೊಳ್ಳಬೇಕಾದ ಅಗತ್ಯವೂ ಇಲ್ಲ. ಇಬ್ಬರ ಹೊಣೆಯೂ ಕಾನೂನು, ನಿಯಮಗಳಲ್ಲಿ ಬೇರೆ ಬೇರೆಯಾಗಿಯೇ ಇದೆ. ಹಾನಿ ಯಾರ ಪಾಲಿಗೆ ಸೇರಿದ್ದು ಎಂಬುದನ್ನು ಮೊದಲ ದಿನದಿಂದಲೇ ದಾಖಲೆಯಲ್ಲಿ ತೋರಿಸಬೇಕು, ಅಷ್ಟೆ.

ಮೊದಲು ಕಾರಣ ಹುಡುಕಿ

ಬಿರುಕು ಕಂಡ ದಿನವೇ ಅದರ ಎರಡೂ ತುದಿಗೆ ಪೆನ್ಸಿಲ್ಲಿನಿಂದ ಗೀಟು ಹಾಕಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಒಂದು ಸ್ಕೇಲನ್ನು ಬಿರುಕಿಗೆ ಅಡ್ಡ ಹಿಡಿದು ಫೋಟೊ ತೆಗೆಯಿರಿ. ಕೆಲವು ವಾರಗಳ ನಂತರ ಬಿರುಕು ಗೀಟು ದಾಟಿ ಹೋಗಿದ್ದರೆ ಮತ್ತೆ ಗೀಟು, ಮತ್ತೆ ದಿನಾಂಕ, ಮತ್ತೆ ಫೋಟೊ. ಪ್ಲಾಸ್ಟರಿನ ಮೇಲೆ ಜೇಡರ ಬಲೆಯಂತೆ ಹರಡಿದ ಕೂದಲೆಳೆ ಬಿರುಕುಗಳು ಹೆಚ್ಚಾಗಿ ಗಾರೆ ಒಣಗುವಾಗ ಬಂದವು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು ದಿನೇ ದಿನೇ ಅಗಲವಾಗುವ ಬಿರುಕು, ಕಂಬ ಅಥವಾ ತೊಲೆಯಲ್ಲಿ ಕಂಬಿಯ ಗುಂಟ ಸಾಗುವ ಬಿರುಕು ಬೇರೆಯೇ ಮಾತು. ಅಂಥವನ್ನು ಕಂಡರೆ ಸ್ವತಂತ್ರ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಂದ ಸಹಿ ಹಾಕಿದ ವರದಿ ತೆಗೆದುಕೊಳ್ಳಿ. ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಮುಂದಿನ ಎಲ್ಲ ಹಂತಗಳೂ ಈ ವರದಿಯ ಮೇಲೆ ನಿಲ್ಲುತ್ತವೆ.

ಸಾಮಾನ್ಯವಾಗಿ, ನಿಧಾನವಾಗಿ ಬೆಳೆದ ದೋಷ ಬಿಲ್ಡರ್ ಪಾಲಿಗೆ ಬರುತ್ತದೆ. ಪ್ರವಾಹ, ಬಿರುಗಾಳಿ, ಬೆಂಕಿ, ಭೂಕುಸಿತದಂತೆ ಹಠಾತ್ತನೆ ಎರಗಿದ ಹಾನಿ ವಿಮೆಯ ಪಾಲು.

ಬಿಲ್ಡರ್‌ಗೆ ನೋಟಿಸ್

2016ರ ರಿಯಲ್ ಎಸ್ಟೇಟ್ ಕಾಯ್ದೆ, ಅಂದರೆ ರೇರಾ, ಇಲ್ಲಿ ನಮ್ಮ ದೊಡ್ಡ ಬಲ. ಅದರ 14(3)ನೇ ಸೆಕ್ಷನ್ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷಗಳೊಳಗೆ ದೋಷವನ್ನು ಬಿಲ್ಡರ್ ಗಮನಕ್ಕೆ ತಂದರೆ, 30 ದಿನಗಳಲ್ಲಿ ಹಣ ಕೇಳದೆ ಸರಿಪಡಿಸುವುದು ಅವರ ಕರ್ತವ್ಯ. ಕಟ್ಟಡದ ರಚನೆಯ ದೋಷವಷ್ಟೇ ಅಲ್ಲ, ಕೆಲಸಗಾರಿಕೆ, ಗುಣಮಟ್ಟ, ಸೌಲಭ್ಯಗಳಲ್ಲಿನ ದೋಷಗಳೂ ಇದರಲ್ಲಿ ಸೇರುತ್ತವೆ. ‘ಒಂದು ವರ್ಷ ಮಾತ್ರ ಹೊಣೆ’ ಎಂದು ಮಾರಾಟ ಕರಾರಿನಲ್ಲಿ ಬರೆದಿದ್ದರೆ ಎದೆಗುಂದಬೇಡಿ. ಕಾಯ್ದೆಗೆ ವಿರುದ್ಧವಾದ ಕರಾರಿಗಿಂತ ಕಾಯ್ದೆಯೇ ಮೇಲು.

ಫೋನಿನಲ್ಲಿ ಹೇಳಿದ್ದು, ಸೆಕ್ಯುರಿಟಿ ಕೋಣೆಯ ಪುಸ್ತಕದಲ್ಲಿ ಬರೆದದ್ದು ಸಾಲದು. ಸ್ವಾಧೀನದ ದಿನಾಂಕ, ದೋಷದ ವಿವರ, ಫೋಟೊ, ಎಂಜಿನಿಯರ್ ವರದಿ ಸೇರಿಸಿ ಇ–ಮೇಲ್ ಕಳುಹಿಸಿ, ಅದರ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿಯೂ ಹಾಕಿ, ರಸೀದಿ ಜೋಪಾನ ಮಾಡಿ. ಸೋರಿಕೆ ತಾರಸಿಯದೋ ಹೊರಗೋಡೆಯದೋ ಆಗಿದ್ದರೆ ನಿವಾಸಿಗಳ ಸಂಘದ ಮೂಲಕ ಒಂದೇ ನೋಟಿಸ್ ಹೋಗಲಿ. ಬಿಲ್ಡರ್ ಕಡೆಯವರು ‘ನೀವು ಗೋಡೆ ಕೊರೆದಿದ್ದೀರಿ, ಅದಕ್ಕೇ ಬಿರಿದಿದೆ’ ಎನ್ನುವುದು ಉಂಟು. ಆದ್ದರಿಂದ ಒಳಾಂಗಣ ಕೆಲಸ ಶುರು ಮಾಡುವ ಮುನ್ನವೇ ಎಲ್ಲ ಗೋಡೆಗಳ ಫೋಟೊ ತೆಗೆದಿಡುವುದು ಜಾಣತನ.

ಮೂವತ್ತು ದಿನ ಕಳೆದರೂ ಕದಲದಿದ್ದರೆ ಕರ್ನಾಟಕ ರೇರಾ ಜಾಲತಾಣದಲ್ಲಿ ದೂರು ಸಲ್ಲಿಸಬಹುದು. ಬೇಡಿಕೆ ಏನೆಂಬುದನ್ನು ಮೊದಲೇ ಸ್ಪಷ್ಟ ಮಾಡಿಕೊಳ್ಳಿ. ದುರಸ್ತಿಗೆ ನಿರ್ದೇಶನ ಬೇಕಿದ್ದರೆ ರೇರಾ ಪ್ರಾಧಿಕಾರ; ಪರಿಹಾರದ ಹಣ ಬೇಕಿದ್ದರೆ ರೇರಾದಲ್ಲೇ ಇರುವ ನ್ಯಾಯನಿರ್ಣಯ ಅಧಿಕಾರಿ. ಈ ಗೆರೆಯನ್ನು 2021ರ ನವೆಂಬರ್‌ನಲ್ಲಿ ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಳೆದಿದೆ. ತಪ್ಪು ಬಾಗಿಲು ತಟ್ಟಿದರೆ ತಿಂಗಳುಗಳು ಪೋಲಾಗುತ್ತವೆ. ಗ್ರಾಹಕ ಆಯೋಗದ ದಾರಿಯೂ ಮುಚ್ಚಿಲ್ಲ.

ವಿಮೆಯಲ್ಲಿ ಏನು ಸಿಗುತ್ತದೆ

2021ರ ಏಪ್ರಿಲ್ 1ರಿಂದ ಸಾಮಾನ್ಯ ವಿಮಾ ಕಂಪನಿಗಳು ಮನೆಗಳಿಗೆ ‘ಭಾರತ್ ಗೃಹ ರಕ್ಷಾ’ ಎಂಬ ಏಕರೂಪದ ಪಾಲಿಸಿ ಕೊಡುತ್ತಿವೆ. ಇದರಲ್ಲಿ ವಿಮಾ ಮೊತ್ತವನ್ನು ಲೆಕ್ಕ ಹಾಕುವುದು ಮನೆಯನ್ನು ಮತ್ತೆ ಕಟ್ಟಲು ತಗಲುವ ವೆಚ್ಚದ ಮೇಲೆ, ಮಾರುಕಟ್ಟೆ ಬೆಲೆಯ ಮೇಲೆ ಅಲ್ಲ. ಪಾಲಿಸಿಯಲ್ಲಿ ನೆಲ ಕುಸಿತದ ರಕ್ಷಣೆ ಇರುವ ಸಾಲನ್ನು ಬೆರಳಿಟ್ಟು ಓದಿ. ಹೊಸ ಕಟ್ಟಡ ನೆಲಕ್ಕೆ ಕೂರುವಾಗ ಸಹಜವಾಗಿ ಬರುವ ಬಿರುಕು, ಮಣ್ಣು ತುಂಬಿ ಎತ್ತರಿಸಿದ ನೆಲದ ಕುಸಿತ, ದೋಷಪೂರಿತ ವಿನ್ಯಾಸ ಅಥವಾ ಕಾಮಗಾರಿಯ ಹಾನಿಗಳನ್ನು ಅಲ್ಲೇ ಹೊರಗಿಡಲಾಗಿದೆ. ಕೆರೆಯಂಗಳ ಮುಚ್ಚಿ ಮನೆ ಕಟ್ಟಿರುವ ಬೆಂಗಳೂರಿನಲ್ಲಿ ಎರಡನೆಯ ಷರತ್ತು ಅನೇಕರಿಗೆ ನೇರವಾಗಿ ತಟ್ಟುತ್ತದೆ. ಈ ಸಾಲಿನ ಮೇಲೆ ವಿಮೆ ನಿರಾಕರಿಸಿದ ಪತ್ರ ಬಂದರೆ ಎಸೆಯಬೇಡಿ. ಕಾಮಗಾರಿಯ ದೋಷ ಎಂದು ಸರ್ವೇಯರ್ (ಹಾನಿಯನ್ನು ಪರಿಶೀಲಿಸಲು ವಿಮಾ ಕಂಪನಿ ನೇಮಿಸುವವರು) ಬರೆದ ಮಾತನ್ನು ರೇರಾ ದೂರಿಗೆ ಲಗತ್ತಿಸಬಹುದು.

ಮಳೆನೀರು ಮನೆಗೆ ನುಗ್ಗಿದ ಹಾನಿಯಾದರೆ ಅಂದೇ ಕಂಪನಿಗೆ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ಹಾನಿ ಹೆಚ್ಚದಂತೆ ನೀರು ಹೊರಹಾಕಿ, ಸಾಮಾನು ಎತ್ತಿಡಿ. ಆದರೆ ಸರ್ವೇಯರ್ ನೋಡುವ ಮುನ್ನ ಹಾಳಾದ ವಸ್ತುಗಳನ್ನು ಗುಜರಿಗೆ ಹಾಕಬೇಡಿ. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆ ಸರ್ವೇಯರ್ ನೇಮಕಕ್ಕೆ 24 ಗಂಟೆ, ವರದಿಗೆ 15 ದಿನ, ವರದಿ ಬಂದ ಮೇಲೆ ತೀರ್ಮಾನಕ್ಕೆ 7 ದಿನ ಗಡುವು ಹಾಕಿದೆ. ಯಾವುದೋ ಒಂದು ಕಾಗದ ಇಲ್ಲ ಎಂಬ ಒಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ.

ಕಂಪನಿಯ ಉತ್ತರ ಒಪ್ಪಿಗೆಯಾಗದಿದ್ದರೆ ಮೊದಲು ಅದರ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸಮಾಧಾನ ತರದಿದ್ದರೆ, ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮಾ ದೂರುಗಳನ್ನು ಆಲಿಸಿ ತೀರ್ಮಾನಿಸುವ ಅಧಿಕಾರಿಯ ಬಳಿ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ವ್ಯಾಜ್ಯ ಅಲ್ಲಿ ತೀರ್ಮಾನವಾಗುತ್ತದೆ. ನಿಮ್ಮ ಪರವಾಗಿ ಬಂದ ತೀರ್ಪನ್ನು ಕಂಪನಿ 30 ದಿನಗಳಲ್ಲಿ ಜಾರಿ ಮಾಡದಿದ್ದರೆ ದಿನಕ್ಕೆ 5,000 ರೂಪಾಯಿಯಂತೆ ದಂಡ ಬೀಳುತ್ತದೆ, ಆ ಹಣ ದೂರುದಾರರಿಗೇ ಸೇರಬೇಕು. ಕೊಡದೆ ಸತಾಯಿಸಿದರೆ ಬಾಯಿಬಿಟ್ಟು ಕೇಳಿ.